ಸಹಾಯ ಬೇಕು: ವಲಸೆ ಬದುಕಿನ ಕಲಾಕೃತಿಗೆ ಹಳೆಯ ಟ್ರಂಕುಗಳು

ಎಲ್ಲರಿಗೂ ನಮಸ್ಕಾರ. 1960ರ ದಶಕದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದು, ಕಾಡು ಕಡಿದು, ಮುಸುಕಿನ ಜೋಳ ಬೆಳೆದು ನೆಲೆನಿಂತ ಟಿಬೆಟನ್ ನಿರಾಶ್ರಿತರ ಬದುಕನ್ನು ಕುರಿತು ನಾನು ಮೈಸೂರಿನಲ್ಲಿ ಒಂದು ಪ್ರತಿಷ್ಠಾಪನಾ ಕಲಾಕೃತಿಯನ್ನು (ವಸ್ತುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಕಟ್ಟುವ ಇನ್‌ಸ್ಟಲೇಶನ್) ರಚಿಸುತ್ತಿದ್ದೇನೆ. 2003ರಲ್ಲಿ ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ ಅವರು ಇಸ್ತಾಂಬುಲ್‌ನ ಎರಡು ಕಟ್ಟಡಗಳ ನಡುವಿನ ಖಾಲಿ ಜಾಗದಲ್ಲಿ ಸುಮಾರು 1,550 ಮರದ ಕುರ್ಚಿಗಳನ್ನು ಒಟ್ಟಿದ್ದರು. ಹಾಗೆಯೇ ನಾನು ತಗಡಿನ ಟ್ರಂಕುಗಳನ್ನು ಪೇರಿಸಬೇಕೆಂದಿದ್ದೇನೆ. ಇದುವರೆಗೆ ಸಿಕ್ಕಿರುವುದು ಒಂಬತ್ತೇ. ಅವುಗಳಲ್ಲೊಂದರ ಮುಚ್ಚಳದ ಒಳಗೆ ಅಂಟಿಸಿದ್ದ ಪಟ ಕಿತ್ತುಹೋಗಿ, ಅಂಟಿನ ಚೌಕದ ಗುರುತು ಮಾತ್ರ ಉಳಿದಿದೆ. ಅದರ ಮೇಲೆ ಬಣ್ಣ ಬಳಿಯುವುದು ತಪ್ಪೆಂದೇ ನನ್ನ ಭಾವನೆ. ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ನಿಮ್ಮ ಅಟ್ಟದಲ್ಲಿರುವ ಟ್ರಂಕನ್ನು ಒಂದು ತಿಂಗಳ ಮಟ್ಟಿಗೆ ದಯವಿಟ್ಟು ಕೊಡುವಿರಾ? ಹಿರಿಯರ ಧ್ವನಿಮುದ್ರಿತ ಮಾತುಗಳನ್ನು ಟಿಬೆಟನ್ ಭಾಷೆಯಿಂದ ಕನ್ನಡಕ್ಕೆ ತರಬಲ್ಲವರೂ ಬೇಕಾಗಿದ್ದಾರೆ, ಬಲ್ಲವರು ತಿಳಿಸಿ.