ಅರಿಜೋನಾದ ಸಣ್ಣ ಮಾಲೀಕರಿಗೆ ಇ-ವೆರಿಫೈ ಬಗ್ಗೆ ಏನು ಕೇಳಬೇಕು?

ಪ್ರಶ್ನೆ (ಪಾಲಿಸಿ ವಿದ್ಯಾರ್ಥಿನಿ)

ನಮಸ್ಕಾರ. ಅಮೆರಿಕದ ಅರಿಜೋನಾದಲ್ಲಿ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಫೀನಿಕ್ಸ್ ಸುತ್ತಮುತ್ತಲ ಸಣ್ಣ ವ್ಯಾಪಾರಗಳ ಮಾಲೀಕರ ಸರ್ವೆ ಮಾಡಬೇಕು. ವಿಷಯ ಇ-ವೆರಿಫೈ. ಹೊಸದಾಗಿ ಕೆಲಸಕ್ಕೆ ಸೇರಿದವರು ತಮಗೆ ಇಲ್ಲಿ ದುಡಿಯುವ ಹಕ್ಕಿದೆ ಅಂತ ತೋರಿಸಲು ತುಂಬುವ ಐ-9 ಫಾರ್ಮಿನ ವಿವರವನ್ನು ಸರ್ಕಾರದ ದಾಖಲೆ ಜೊತೆ ಆನ್‌ಲೈನ್‌ನಲ್ಲಿ ತಾಳೆ ನೋಡುವ ವ್ಯವಸ್ಥೆ ಅದು. ಈ ರಾಜ್ಯದಲ್ಲಿ 2008ರ ಜನವರಿಯಿಂದ ಕಡ್ಡಾಯ. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಕಾನೂನನ್ನು ಎತ್ತಿಹಿಡಿಯಿತು.

ನನ್ನ ಕರಡಿನಲ್ಲಿ ಇರುವುದು ಇಷ್ಟು: ಬಳಸುತ್ತೀರಾ? ನಿಯಮ ಪಾಲಿಸುತ್ತೀರಾ? ಈ ವ್ಯವಸ್ಥೆಗೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ? ಪರಿಚಯದ ಕೆಲವರಿಗೆ ಕೊಟ್ಟು ನೋಡಿದೆ. ಎಲ್ಲರೂ ಹೌದು, ಹೌದು, ಐದಕ್ಕೆ ಐದು. ಇದರಿಂದ ಯಾರಿಗೆ ಏನು ತಿಳಿಯುತ್ತೆ? ಕಾಗದ ಪತ್ರ ಸರಿಯಿದ್ದವರೂ ಮೊದಲ ಕೆಲಸದಲ್ಲೇ ತಾಳೆಯಾಗದೆ ಒದ್ದಾಡಿದ್ದನ್ನು ಕ್ಯಾಂಪಸ್‌ನಲ್ಲಿ ನೋಡಿದ್ದೇನೆ. ಅವರ ಪಾಡು ಈ ಸರ್ವೆಯಲ್ಲಿ ಕಾಣಿಸಬೇಕು ಅನ್ನೋದು ನನ್ನ ಆಸೆ. ಎಚ್‌ಆರ್‌ನಲ್ಲಿ ಇರುವವರು, ವ್ಯಾಪಾರ ನಡೆಸುವವರು ದಯವಿಟ್ಟು ಹೇಳಿ.

ಉತ್ತರ (ಗೋದಾಮು ಕಂಪನಿ ಎಚ್‌ಆರ್)

ನಮ್ಮಲ್ಲಿ ಇ-ವೆರಿಫೈ ಕೇಸ್, ಅಂದರೆ ಒಬ್ಬೊಬ್ಬರ ತಪಾಸಣೆ, ತೆರೆಯೋದು ನಾನೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

"ನಿಯಮ ಪಾಲಿಸುತ್ತೀರಾ" ಅಂದರೆ ಯಾರು ತಾನೇ ಇಲ್ಲ ಅಂತಾರೆ? ಗೊತ್ತಿದ್ದೂ ದುಡಿಯುವ ಹಕ್ಕಿಲ್ಲದವರನ್ನು ಇಟ್ಟುಕೊಂಡರೆ ಇಲ್ಲಿ ವ್ಯಾಪಾರದ ಲೈಸೆನ್ಸಿಗೇ ಕುತ್ತು. ಅಭಿಪ್ರಾಯ ಬಿಡಿ, ನಡೆದದ್ದನ್ನು ಕೇಳಿ. "ಕೊನೆಯ ಸಲ ಒಬ್ಬರನ್ನು ಸೇರಿಸಿಕೊಂಡಾಗ ಕೇಸ್ ಯಾವಾಗ ತೆರೆದಿರಿ? ಆಫರ್ ಒಪ್ಪುವ ಮುಂಚೆಯಾ, ಆಮೇಲಾ?" ನಿಯಮದ ಪ್ರಕಾರ ಆಫರ್ ಒಪ್ಪಿ, ಐ-9 ತುಂಬಿದ ಮೇಲಷ್ಟೇ ತೆರೆಯಬೇಕು. ಕೆಲಸ ಶುರುವಾದ ಮೇಲೆ ಮೂರು ಕೆಲಸದ ದಿನ ದಾಟಬಾರದು. ಮುಂಚೆಯೇ ಪರೀಕ್ಷಿಸಿ, ತಾಳೆಯಾಗದವರಿಗೆ ಫೋನೇ ಮಾಡದೆ ಬಿಡುವುದು ತಪ್ಪು. ಅದು ತಪ್ಪು ಅಂತ ಗೊತ್ತಿಲ್ಲದ ಮಾಲೀಕರು ಈ ಪ್ರಶ್ನೆಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾರೆ.

ನಿಮ್ಮ ಸರ್ವೆಯ ಅರ್ಧ ಭಾಗ ಮಿಸ್‌ಮ್ಯಾಚ್‌ಗೇ, ಅಂದರೆ ವಿವರ ದಾಖಲೆಗೆ ತಾಳೆಯಾಗಲಿಲ್ಲ ಅನ್ನುವ ಉತ್ತರಕ್ಕೇ, ಇರಲಿ. ಹಾಗೆ ಬಂದರೆ ಕೆಲಸಗಾರನನ್ನು ಒಬ್ಬನನ್ನೇ ಕರೆದು ಹೇಳಬೇಕು, ನೋಟಿಸ್ ಕೈಗೆ ಕೊಡಬೇಕು. ಅವನು ಅದನ್ನು ಪ್ರಶ್ನಿಸುತ್ತೇನೆ ಅಂದರೆ, ಸೋಶಿಯಲ್ ಸೆಕ್ಯುರಿಟಿ ಕಚೇರಿಯನ್ನೋ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯನ್ನೋ ಸಂಪರ್ಕಿಸಲು ಎಂಟು ಸರ್ಕಾರಿ ಕೆಲಸದ ದಿನ ಸಿಗುತ್ತೆ. ಅಲ್ಲಿಯವರೆಗೆ ತೆಗೆದುಹಾಕುವ ಹಾಗಿಲ್ಲ, ಸಂಬಳ ಕಡಿಮೆ ಮಾಡುವ ಹಾಗಿಲ್ಲ, ಶಿಫ್ಟ್ ಕಿತ್ತುಕೊಳ್ಳುವ ಹಾಗೂ ಇಲ್ಲ. ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಿ. "ಯಾರು ತಿಳಿಸಿದರು? ಎಲ್ಲಿ? ನೋಟಿಸ್ ಅವರಿಗೆ ಓದಲು ಬರುವ ಭಾಷೆಯಲ್ಲಿತ್ತಾ? ಮಾರನೇ ದಿನ ಕೆಲಸಕ್ಕೆ ಬಂದರಾ?" ಕೆಲಸಗಾರನಿಗೆ ಏನಾಯಿತು ಅನ್ನೋದು ತಿಳಿಯುವುದು ಇಲ್ಲೇ.

ಉತ್ತರ (ಮೋಟೆಲ್ ಮಾಲೀಕ)

ನಿಮ್ಮ ಸರ್ವೆ ಫಾರ್ಮ್ ಯಾರ ಕೈಗೆ ಹೋಗುತ್ತೆ ನೋಡಿಕೊಳ್ಳಿ ತಂಗಿ. ನಮ್ಮಂಥ ಕಡೆ ಮಾಲೀಕ ಕಂಪ್ಯೂಟರ್ ಮುಂದೆ ಕೂರುವುದೇ ಇಲ್ಲ. ಸಂಬಳದ ಲೆಕ್ಕ ನೋಡುವ ಏಜೆನ್ಸಿಯೇ ಇದನ್ನೂ ಮಾಡಿಕೊಡುತ್ತೆ. ನನಗೆ ಕಳಿಸಿದರೆ ನಾನೂ ಐದಕ್ಕೆ ಐದು ಹಾಕುತ್ತೇನೆ, ಯಾಕಂದರೆ ತೊಂದರೆ ನನ್ನ ತನಕ ಬರುವುದೇ ಇಲ್ಲ. ಇನ್ನು, ಬಳಸದೇ ಇರುವವರಿಗೆ ಬೇರೆಯೇ ಪ್ರಶ್ನೆಪತ್ರ ಮಾಡಿ. ಇ-ವೆರಿಫೈಗೆ ಶುಲ್ಕ ಇಲ್ಲ, ಆದರೆ ಕೂತು ಕಲಿಯುವ ಸಮಯ ಯಾರು ಕೊಡುತ್ತಾರೆ? ಬೈಯುವ ದನಿ ಬೇಡ, ಕಾರಣ ಕೇಳಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಅಣ್ಣ, ಮೇಡಂ. ಒಂದು ಅನುಮಾನ. ಹಕ್ಕಿಲ್ಲದವರನ್ನು ಇ-ವೆರಿಫೈ ಎಷ್ಟು ಸರಿಯಾಗಿ ಹಿಡಿಯುತ್ತೆ ಅಂತ ಮಾಲೀಕರನ್ನೇ ಕೇಳಬಹುದಾ?

ಉತ್ತರ (ಗೋದಾಮು ಕಂಪನಿ ಎಚ್‌ಆರ್)

ಬೇಡ. ಮಾಲೀಕರಿಗೆ ಕಾಣೋದು ಪರದೆ ಮೇಲೆ ಬಂದ ಉತ್ತರ ಮಾತ್ರ. ವೆಸ್ಟಾಟ್ ಸಂಸ್ಥೆ ಸರ್ಕಾರಕ್ಕಾಗಿ ಮಾಡಿದ 2009ರ ವರದಿ ಓದಿ. ಹಕ್ಕಿಲ್ಲದ ಕೆಲಸಗಾರರಲ್ಲಿ ಸುಮಾರು 54% ಜನರಿಗೆ ಆಗ "ಹಕ್ಕಿದೆ" ಅಂತಲೇ ಉತ್ತರ ಬಂದಿತ್ತು ಅನ್ನುವ ಅಂದಾಜು ಅದರಲ್ಲಿದೆ. ಬೇರೆಯವರ ನಿಜವಾದ ಹೆಸರು, ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟರೆ ತಾಳೆ ಆಗೇ ಆಗುತ್ತಲ್ವಾ? ಅಂಥದ್ದನ್ನು ಮಾಲೀಕ ಹೇಗೆ ಕಂಡುಹಿಡಿಯಬೇಕು?

ಉತ್ತರ (ಸ್ಟೆಮ್ ಒಪಿಟಿಯಲ್ಲಿರುವ ಎಂಜಿನಿಯರ್)

ಒಪಿಟಿ ಅಂದರೆ ವಿದೇಶಿ ವಿದ್ಯಾರ್ಥಿಗಳು ಓದಿಗೆ ಸಂಬಂಧಿಸಿದ ಕೆಲಸ ಮಾಡಲು ಸಿಗುವ ಅನುಮತಿ. ವಿಜ್ಞಾನ, ಎಂಜಿನಿಯರಿಂಗ್‌ನಂಥ ಸ್ಟೆಮ್ ವಿಷಯ ಓದಿದವರಿಗೆ ಅದರ 24 ತಿಂಗಳ ವಿಸ್ತರಣೆ ಬೇಕಾದರೆ ಕಂಪನಿ ಇ-ವೆರಿಫೈನಲ್ಲಿ ಇರಲೇಬೇಕು. ಹಾಗಾಗಿ ನಮ್ಮಂಥವರಿಗೆ ಇದು ತಪ್ಪಿದ್ದಲ್ಲ. ಹೆಸರಿನ ಬಗ್ಗೆ ಒಂದು ಪ್ರಶ್ನೆ ಖಂಡಿತ ಸೇರಿಸಿ. ನಮ್ಮ ಕಡೆ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲದವರು ಎಷ್ಟು ಜನ! ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಅಂತ) ಬಂದು ಕೂರುತ್ತೆ. ಬೇರೆ ಕಾರ್ಡಿನಲ್ಲಿ ಅಪ್ಪನ ಹೆಸರು ಸೇರಿರುತ್ತೆ. ನನ್ನದು ಹಾಗೇ ಆಗಿ ಮಿಸ್‌ಮ್ಯಾಚ್ ಬಂತು. ಆಗಿನ ಕಂಪನಿಯಲ್ಲಿ ಅದನ್ನು ಮೀಟಿಂಗ್‌ನಲ್ಲಿ ಎಲ್ಲರ ಎದುರೇ ಹೇಳಿದರು. ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿದೆ, ಸರಿಹೋಯಿತು. ಆದರೆ ಅಷ್ಟರಲ್ಲಿ ಟೀಮಿನವರು ನನ್ನನ್ನು ನೋಡುವ ರೀತಿಯೇ ಬದಲಾಗಿತ್ತು. "ಹೆಸರು ಬರೆದ ರೀತಿಯಿಂದ ತಾಳೆಯಾಗದೇ ಇದ್ದದ್ದು ಇದೆಯಾ, ಕೇಸ್ ಕಳಿಸುವ ಮುಂಚೆ ಕಾರ್ಡ್ ಇಟ್ಟುಕೊಂಡು ಇನ್ನೊಮ್ಮೆ ನೋಡುತ್ತೀರಾ" ಅಂತ ಕೇಳಿ.

ಪ್ರಶ್ನೆ ಕೇಳಿದವರು

ಸೇರಿಸುತ್ತೇನೆ. ಅಂಕದ ಪ್ರಶ್ನೆ ತೆಗೆದುಹಾಕಿದೆ. "ಕೊನೆಯ ಮಿಸ್‌ಮ್ಯಾಚ್ ಬಂದ ದಿನ ಏನೇನು ಮಾಡಿದಿರಿ, ಮೊದಲಿನಿಂದ ಹೇಳಿ" ಅನ್ನೋದೇ ಈಗ ಮೊದಲ ಪ್ರಶ್ನೆ. ಕೇಸ್ ತೆರೆಯುವವರು ಯಾರೋ ಅವರ ಹತ್ತಿರವೇ ಮಾತಾಡುತ್ತೇನೆ, ಕಂಪನಿ ಹೆಸರು ಬರೆದುಕೊಳ್ಳುವುದಿಲ್ಲ. ಹೊಸ ಕರಡನ್ನು ಇಲ್ಲೇ ಹಾಕುತ್ತೇನೆ, ಮೇಡಂ ಒಮ್ಮೆ ನೋಡಿಕೊಡಿ.