ಪಾಲಿಕೆ ಬಜೆಟ್ ಸಭೆಗೆ ಪರಿಸರದ ಬಗ್ಗೆ ಒಂದೇ ಬೇಡಿಕೆ ಇಡೋದಾದ್ರೆ ಯಾವುದು? (ಶಿವಮೊಗ್ಗ)

ಬಡಾವಣೆ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಬಡಾವಣೆ ನಿವಾಸಿಗಳ ಸಂಘದ ಕಾರ್ಯದರ್ಶಿ ಕೆಲಸ ಈ ವರ್ಷ ನನಗೆ ಬಂದಿದೆ. ಪಾಲಿಕೆ ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹೆ ಕೇಳೋ ಸಭೆ ಇರುತ್ತಲ್ಲ, ಅಲ್ಲಿ ಸಂಘದಿಂದ ಪರಿಸರದ ಬಗ್ಗೆ ಒಂದು ಮನವಿ ಕೊಡೋಣ ಅಂತ ಎಲ್ಲರೂ ಒಪ್ಪಿದ್ದಾರೆ.

ಕರಡು ಬರೆಯೋಕೆ ಕೂತ್ರೆ ಪಟ್ಟಿ ಬೆಳೀತಾನೇ ಹೋಯ್ತು. ಪಾರ್ಕಿಗೆ ಗಿಡ, ಸೋಲಾರ್ ಬೀದಿದೀಪ, ಕಸ ವಿಂಗಡಣೆ, ಪ್ಲಾಸ್ಟಿಕ್‌ಗೆ ದಂಡ, ತುಂಗಾ ನದಿ ಸ್ವಚ್ಛತೆ, ಬ್ಯಾಟರಿ ಬಸ್ಸು. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದು ನಗರಗಳದ್ದು, 2030ಕ್ಕೆ ಮುಟ್ಟಬೇಕು ಅಂತ ಮಕ್ಕಳಿಗೆ ಹೇಳಿಕೊಡ್ತೀನಿ. ಅದನ್ನೇ ನಮ್ಮ ವಾರ್ಡಿಗೆ ಇಳಿಸಿ ಬರೆಯೋಕೆ ಹೋದ್ರೆ ಯಾವ ಸಾಲೂ ಗಟ್ಟಿಯಾಗಿ ನಿಲ್ತಿಲ್ಲ. "ಹಸಿರು ನಗರ ಮಾಡಿ" ಅಂದ್ರೆ ಯಾವ ಅಧಿಕಾರಿಯಾದ್ರೂ ಆಗ್ಲಿ ಅಂತಾರೆ. ಆದ್ರೆ ಮುಂದಿನ ವರ್ಷ ಆಯ್ತಾ ಇಲ್ವಾ ಅಂತ ಯಾವುದರಲ್ಲಿ ಅಳೀತೀರಿ?

ಒಂದೇ ಬೇಡಿಕೆ ಸಾಕು. ನಾವೇ ಹೋಗಿ ನೋಡಿ ಅಳೆಯೋ ಹಾಗಿರಬೇಕು. ಪುರಸಭೆ, ನಗರಸಭೆಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ರೆ ದಯವಿಟ್ಟು ಹೇಳಿ.

ಹಸಿಕಸ ಗೊಬ್ಬರ

ನನ್ನ ಮತ ಹಸಿ ಕಸಕ್ಕೆ. 2016ರ ಘನತ್ಯಾಜ್ಯ ನಿಯಮದಲ್ಲೇ ಮನೆಯಲ್ಲಿ ಬೇರ್ಪಡಿಸಿ ಕೊಡಬೇಕು ಅಂತ ಇತ್ತು. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿ ಇಲ್ಲದ ಜಾಗದಲ್ಲಿ ಮಾಡೋದಾದ್ರೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು ಅಂತಾನೂ ಇತ್ತು, ಅದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಮಳೆಗಾಲದಲ್ಲಿ ಗೊಬ್ಬರ ಕೊಳೆತು ನಾರುತ್ತೆ ಅನ್ನೋರಿಗೆ ಒಂದು ಮಾತು: ಬೇಸಿಗೆಯಲ್ಲೇ ಒಂದೆರಡು ಚೀಲ ದರಗು (ಉದುರಿದ ಒಣ ಎಲೆ) ಗುಡಿಸಿ ಒಣಗಿಸಿ ಇಟ್ಟುಕೊಳ್ಳಿ. ಹಸಿ ಕಸ ಒಂದು ಪದರ, ದರಗು ಒಂದು ಪದರ. ಆಷಾಢದಲ್ಲೂ ವಾಸನೆ ಬರಲ್ಲ.

ಒಳಚರಂಡಿ ನಿವೃತ್ತ

ಮೇಡಂ, ನಾನು ಮಲೆನಾಡಿನ ಸ್ಥಳೀಯ ಸಂಸ್ಥೆಗಳಲ್ಲಿ ಕಿರಿಯ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಹೆಚ್ಚಿನ ಸರ್ವಿಸ್ ಒಳಚರಂಡಿಯಲ್ಲೇ ಕಳೀತು. ಗಿಡ, ದೀಪ, ಬಸ್ಸು ಎಲ್ಲ ಒಳ್ಳೇದೇ. ಆದ್ರೆ ಒಂದೇ ಅಂದ್ರಲ್ಲ, ಹಾಗಾದ್ರೆ ಇದನ್ನು ಬರೀರಿ: ಶಿವರಾತ್ರಿ ಹೊತ್ತಿಗೆ ನಮ್ಮ ಬಡಾವಣೆಯ ಮಳೆನೀರು ಚರಂಡಿ ಒಣಗಿರಬೇಕು.

ಕಾರಣ ಹೇಳ್ತೀನಿ. ಮಳೆನೀರು ಚರಂಡಿ ಇರೋದು ಮಳೆ ನೀರಿಗೆ. ಫೆಬ್ರವರಿ ಬಿಸಿಲಲ್ಲೂ ಅದರಲ್ಲಿ ನೀರು ಹರೀತಿದೆ ಅಂದ್ರೆ ಅದು ಯಾರದೋ ಬಚ್ಚಲು ನೀರು, ಪಾತ್ರೆ ತೊಳೆದ ನೀರು, ಕೆಲವು ಕಡೆ ಶೌಚದ ನೀರೂ ಹೌದು. ಸಣ್ಣ ಚರಂಡಿ ರಾಜಕಾಲುವೆಗೆ, ರಾಜಕಾಲುವೆ ಹೊಳೆಗೆ. ದಾರಿಯಲ್ಲಿ ಎಲ್ಲೂ ಶುದ್ಧೀಕರಣ ಘಟಕ ಇಲ್ಲ. ಎಷ್ಟು ದೊಡ್ಡ ಎಸ್‌ಟಿಪಿ (ಕೊಳಕು ನೀರು ಶುದ್ಧೀಕರಣ ಘಟಕ) ಕಟ್ಟಿದ್ರೂ ಅದಕ್ಕೆ ತಲುಪದ ನೀರನ್ನು ಅದು ಶುದ್ಧ ಮಾಡೋಕೆ ಆಗಲ್ಲ. ಘಟಕದ ಸಾಮರ್ಥ್ಯ ಇಷ್ಟು ಅಂತ ವರದಿಯಲ್ಲಿ ಓದಿ ಸಮಾಧಾನ ಪಟ್ಟುಕೊಳ್ಳಬೇಡಿ. ದಿನಕ್ಕೆ ಒಳಗೆ ಬರೋದು ಎಷ್ಟು ಅಂತ ಕೇಳಿ.

ಅಂದಾಜು ಲೆಕ್ಕ ನೀವೇ ಹಾಕಬಹುದು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರಕ್ಕೆ 3.22 ಲಕ್ಷ ಜನ. ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಅನ್ನೋದು ಮಾನದಂಡ, ಅದರಲ್ಲಿ ಶೇ 80 ಕೊಳಕು ನೀರಾಗಿ ಹೊರಗೆ ಬರುತ್ತೆ ಅಂತ ವಿನ್ಯಾಸ ಮಾಡ್ತೀವಿ. ಅಂದ್ರೆ ಹಳೇ ಜನಸಂಖ್ಯೆಗೇ ದಿನಕ್ಕೆ ಸುಮಾರು 3.5 ಕೋಟಿ ಲೀಟರ್. ಇದರಲ್ಲಿ ಘಟಕದ ಬಾಗಿಲು ಮುಟ್ಟಿದ್ದೆಷ್ಟು, ಚರಂಡಿ ಹಿಡಿದು ಹೋಗಿದ್ದೆಷ್ಟು? ನನ್ನ ಪ್ರಕಾರ ನಗರದ ಪರಿಸರದ ಲೆಕ್ಕ ಇಲ್ಲಿಂದ ಶುರುವಾಗಬೇಕು.

ಚರಂಡಿ ನೋಡೋದಕ್ಕೂ ಕ್ರಮ ಇದೆ. ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ ಒಂದು ಸಲ ನೋಡಿ, ರಾತ್ರಿ ಊಟ ಮುಗಿದು ಊರು ಮಲಗಿದ ಮೇಲೆ ಇನ್ನೊಂದು ಸಲ ನೋಡಿ. ಬೆಳಿಗ್ಗೆ ಉಕ್ಕಿ, ನೊರೆ ಬಂದು, ರಾತ್ರಿ ಇಳಿದು ಹೋದ್ರೆ ಅದು ಮನೆ ನೀರು. ಹಗಲೂ ರಾತ್ರಿ ಒಂದೇ ಸಮ ತಿಳಿಯಾಗಿ ಹರೀತಿದ್ರೆ ಒರತೆ ಇರಬಹುದು, ತುಂಗಾ ನಾಲೆ ಹತ್ತಿರದ ಬಡಾವಣೆಗಳಲ್ಲಿ ನಾಲೆಯ ಬಸಿ ನೀರೂ ಇರಬಹುದು. ಅದನ್ನು ಮನೆಯವರ ಮೇಲೆ ಹೊರಿಸಬಾರದು. ಮನೆ ನೀರು ಅಂತ ಖಾತ್ರಿ ಆದ್ರೆ ಚರಂಡಿ ಹಿಡಿದು ಮೇಲಕ್ಕೆ ನಡೀರಿ, ಯಾವ ಪೈಪಿನಿಂದ ಬೀಳುತ್ತೆ ಅಂತ ಸಿಕ್ಕೇ ಸಿಗುತ್ತೆ. ಅನುಮಾನ ಇದ್ದ ಕಡೆ ಮನೆಯವರ ಒಪ್ಪಿಗೆ ತಗೊಂಡು ಬಚ್ಚಲಿಗೆ ಒಂದು ಬಕೆಟ್ ನೀಲಿ ಕದಡಿದ ನೀರು ಹೊಯ್ದು ನೋಡ್ತಿದ್ವಿ. ಬಟ್ಟೆಗೆ ಹಾಕೋ ನೀಲಿ ಸಾಕು. ಮನೆ ಮುಂದಿನ ಒಳಚರಂಡಿ ಚೇಂಬರಿನಲ್ಲಿ ಕಂಡ್ರೆ ಸಂಪರ್ಕ ಸರಿ ಇದೆ, ಚರಂಡಿಯಲ್ಲಿ ಕಂಡ್ರೆ ಇಲ್ಲ.

ಎಷ್ಟೋ ಬೀದಿಗಳಲ್ಲಿ ಒಳಚರಂಡಿ ಕೊಳವೆ ಮನೆ ಮುಂದೆಯೇ ಹೋಗಿರುತ್ತೆ, ಮನೆಯಿಂದ ಅಲ್ಲಿವರೆಗಿನ ಹತ್ತು ಹದಿನೈದು ಅಡಿ ಪೈಪು ಮಾತ್ರ ಆಗಿರಲ್ಲ. ಅಗೆದ ರಸ್ತೆ ಮುಚ್ಚೋ ಖರ್ಚು, ಅರ್ಜಿ, ಠೇವಣಿ ಅಂತ ಮನೆಯವರು ಮುಂದೂಡ್ತಾರೆ. ಕೋಟಿಗಟ್ಟಲೆ ಯೋಜನೆ ಇಷ್ಟು ಚಿಕ್ಕ ಜಾಗದಲ್ಲಿ ಕಡಿದು ಹೋಗೋದನ್ನು ಸರ್ವಿಸ್ ಉದ್ದಕ್ಕೂ ನೋಡಿದ್ದೀನಿ. ಈಗಲೂ ಅದು ನೆನಪಾದ್ರೆ ಹೊಟ್ಟೆ ಉರಿಯುತ್ತೆ.

ಕೂಡ್ಲಿ ಕಡೆಯವ

ಮೇಲಿನ ಸರ್ ಹೇಳಿದ್ದಕ್ಕೆ ನನ್ನದೂ ಒಂದು ದನಿ. ನೀವು ಗಾಜನೂರು ಕಡೆಯಿಂದ ಬಂದ ನೀರು ಕುಡೀತೀರಿ, ನಿಮ್ಮೂರು ದಾಟಿದ ನೀರು ನಮ್ಮ ಕಡೆ ಬರುತ್ತೆ. ತುಂಗೆ ಭದ್ರೆ ಸೇರೋ ಕೂಡ್ಲಿ ನಿಮ್ಮಿಂದ ಎಷ್ಟು ದೂರ ಹೇಳಿ. ಅಲ್ಲಿ ಸ್ನಾನ ಮಾಡ್ತಾರೆ, ಪಿಂಡ ಬಿಡ್ತಾರೆ, ತೀರ್ಥ ಅಂತ ಬಾಯಿಗೆ ಹಾಕಿಕೊಳ್ತಾರೆ. ಅಲ್ಲಿಂದ ಮುಂದೆ ಹೊನ್ನಾಳಿ, ಹರಿಹರ, ದಾವಣಗೆರೆಗೂ ಇದೇ ನೀರು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಕಲುಷಿತ ನದಿ ಭಾಗಗಳ ಪಟ್ಟಿಯಲ್ಲಿ ದೇಶದ 351 ಜಾಗ ಇದ್ವು, ಕರ್ನಾಟಕದ್ದು 17. ಅದರಲ್ಲಿ ಒಂದು ತುಂಗಾ, ಶಿವಮೊಗ್ಗದಿಂದ ಕೂಡ್ಲಿವರೆಗೆ. ಐದು ಹಂತದ ಆ ಪಟ್ಟಿಯಲ್ಲಿ ಕೊನೆಯ ಹಂತದಲ್ಲಿತ್ತು, ಅಂದ್ರೆ ನೀರಿನ ಕೊಳೆ ಅಳೆಯೋ ಬಿಒಡಿ ಲೀಟರಿಗೆ 3ರಿಂದ 6 ಮಿಲಿಗ್ರಾಂ. ಅಷ್ಟೇನೂ ಕೆಟ್ಟಿಲ್ಲ ಅಂತ ಇದನ್ನು ಓದೋರಿದ್ದಾರೆ. ನಾನು ಓದೋದು ಬೇರೆ ಥರ: ಸರಿ ಮಾಡೋಕೆ ಇನ್ನೂ ಕೈಗೆ ಸಿಗುವಷ್ಟರಲ್ಲಿದೆ, ಬಿಟ್ಟರೆ ಮೇಲಿನ ಹಂತಕ್ಕೆ ಹೋಗುತ್ತೆ. ಟೀಚರ್ ಅಕ್ಕ, ನಿಮ್ಮ ಮನವಿಯಲ್ಲಿ ನಮ್ಮ ಹೆಸರೂ ಒಂದು ಸಾಲು ಬರಲಿ.

ಬಡಾವಣೆ ಟೀಚರ್

ಖಂಡಿತ ಬರೀತೀನಿ ಅಣ್ಣ. ತೀರ್ಥದ ಮಾತು ಮನಸ್ಸಿಗೆ ನಾಟ್ತು.

ಸರ್, ನಿಮ್ಮ ಉತ್ತರ ಓದಿದ ಮೇಲೆ ಬೇರೆ ಪಟ್ಟಿಯನ್ನೆಲ್ಲ ಪಕ್ಕಕ್ಕಿಟ್ಟೆ. ಎರಡು ಸಂದೇಹ ಇದೆ. ಇದನ್ನು ಯಾರಿಗೆ ಬರೀಬೇಕು, ಪಾಲಿಕೆಗಾ, ಒಳಚರಂಡಿ ಮಂಡಳಿಗಾ, ಮಾಲಿನ್ಯ ಮಂಡಳಿಗಾ? ಇನ್ನೊಂದು, ನಮ್ಮಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದಾಗ ಮ್ಯಾನ್‌ಹೋಲ್ ಉಕ್ಕಿ ರಸ್ತೆಗೆ ಬರುತ್ತೆ. ಹೆಚ್ಚು ಮನೆಗಳನ್ನು ಜೋಡಿಸಿದ್ರೆ ಅದು ಇನ್ನೂ ಜಾಸ್ತಿ ಆಗಲ್ವಾ? ಸಂಘದ ಹಿರಿಯರೊಬ್ಬರು ಈ ಪ್ರಶ್ನೆ ಎತ್ತಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಒಳಚರಂಡಿ ನಿವೃತ್ತ

ಎರಡನೆಯದು ಮೊದಲು ಹೇಳ್ತೀನಿ, ಯಾಕಂದ್ರೆ ಹಿರಿಯರು ಕೇಳಿದ್ದು ಸರಿಯಾದ ಪ್ರಶ್ನೆ.

ಬಚ್ಚಲು ನೀರು ಹೆಚ್ಚಾದ್ದಕ್ಕೆ ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕೋದಲ್ಲ. ಜನ ಜನವರಿಯಲ್ಲಿ ಬಳಸಿದಷ್ಟೇ ನೀರನ್ನು ಜುಲೈನಲ್ಲೂ ಬಳಸ್ತಾರೆ. ಉಕ್ಕೋದು ತಾರಸಿ ನೀರಿಗೆ. ಮನೆ ಕಟ್ಟುವಾಗ ಅಂಗಳಕ್ಕೆ ಪೂರ್ತಿ ಸಿಮೆಂಟ್ ಹಾಕ್ತಾರೆ, ತಾರಸಿಯ ಪೈಪನ್ನು ಇಳಿಸೋಕೆ ಜಾಗ ಕಾಣದೆ ಒಳಚರಂಡಿ ಚೇಂಬರಿಗೆ ಬಿಡ್ತಾರೆ. ಒಳಚರಂಡಿ ಕೊಳವೆಗಳಿಗೆ ನಮ್ಮ ಮಲೆನಾಡಿನ ಮಳೆ ಹೊರೋ ಗಾತ್ರ ಇಲ್ಲ, ಇರಬೇಕಾಗಿಯೂ ಇಲ್ಲ. ಹೀಗೆ ಒಂದೇ ಬೀದಿಯಲ್ಲಿ ಬಚ್ಚಲು ನೀರು ಮಳೆ ಚರಂಡಿಗೆ, ಮಳೆ ನೀರು ಒಳಚರಂಡಿಗೆ. ಎರಡೂ ಅದಲುಬದಲು. ಬೇಸಿಗೆಯಲ್ಲಿ ಹೊಳೆ ಕೆಡುತ್ತೆ, ಮಳೆಗಾಲದಲ್ಲಿ ರಸ್ತೆ ಕೆಡುತ್ತೆ, ಜೊತೆಗೆ ಎಸ್‌ಟಿಪಿಗೆ ಮಳೆ ನೀರು ನುಗ್ಗಿ ಕೊಳೆ ತಿನ್ನೋಕೆ ಅಲ್ಲಿ ಸಾಕಿದ ಜೀವಾಣುಗಳೂ ಕೊಚ್ಚಿಹೋಗ್ತವೆ. ಹಂಚಿನ ಮನೆಗಳ ಕಾಲದಲ್ಲಿ ಸೂರಿನ ನೀರು ಅಂಗಳಕ್ಕೆ ಬಿದ್ದು ಅಗಳಿನಲ್ಲಿ ಹರಿದು ಹೋಗ್ತಿತ್ತು, ಆಗ ಈ ತಂಟೆ ಇರಲಿಲ್ಲ.

ಆದ್ದರಿಂದ ಬೇಡಿಕೆ ಒಂದೇ ಆದ್ರೂ ಅದಕ್ಕೆ ಎರಡು ಕೈ ಇರಲಿ. ಬಚ್ಚಲು ನೀರು ಒಳಚರಂಡಿಗೆ, ತಾರಸಿ ನೀರು ಇಂಗುಗುಂಡಿಗೆ ಅಥವಾ ಮಳೆ ಚರಂಡಿಗೆ. ಒಂದೇ ಸಮೀಕ್ಷೆಯಲ್ಲಿ ಎರಡನ್ನೂ ನೋಡಿ ಬರೆದುಕೊಂಡ್ರೆ ಆಯ್ತು.

ಇನ್ನು ಯಾರಿಗೆ ಅನ್ನೋದು. ಬೆಂಗಳೂರು ಬಿಟ್ಟು ಉಳಿದ ಊರುಗಳಲ್ಲಿ ಒಳಚರಂಡಿ ಯೋಜನೆ ಕಟ್ಟೋದು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಕಟ್ಟಿದ ಮೇಲೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ. ಹೊಳೆ ನೀರಿನ ಪರೀಕ್ಷೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ನಾಲೆ ನೀರಾವರಿಯವರದು, ಅದಕ್ಕೆ ಬಿದ್ದ ಕಸಕ್ಕೆ ಪಾಲಿಕೆಯನ್ನು ಕೇಳಿದ್ರೆ ನೀರಾವರಿ ಕಡೆ ಕೈ ತೋರಿಸ್ತಾರೆ, ಅಲ್ಲಿ ಕೇಳಿದ್ರೆ ಕಸ ಪಾಲಿಕೆಯದ್ದು ಅಂತಾರೆ. ನೀವು ಮುಖ್ಯ ಮನವಿಯನ್ನು ಪಾಲಿಕೆ ಆಯುಕ್ತರಿಗೆ ಬರೆದು, ಉಳಿದವರಿಗೆ ಪ್ರತಿ ಕಳಿಸಿ. ಮನೆ ಸಂಪರ್ಕ, ಚರಂಡಿ, ಕಟ್ಟಡ ಪರವಾನಗಿ ಮೂರೂ ಪಾಲಿಕೆ ಕೈಯಲ್ಲೇ ಇವೆ. ಹೊಸ ಮನೆಗೆ ಪರವಾನಗಿ ಕೊಡುವಾಗಲೇ ಎರಡು ಪೈಪಿನ ನಕ್ಷೆ ನೋಡಿದ್ರೆ ಮುಂದೆ ರಸ್ತೆ ಅಗೆಯೋದು ತಪ್ಪುತ್ತೆ.

ದುಡ್ಡಿಲ್ಲ ಅಂದ್ರೆ ಒಂದು ವಿಷಯ ಎತ್ತಿ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಇಂಥ ಮಧ್ಯಮ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗವನ್ನು ನಿಗದಿತ ಕೆಲಸಗಳಿಗೇ ಅಂತ ಕಟ್ಟಿಹಾಕಿತ್ತು. ಅದರ ಅರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ, ಇನ್ನರ್ಧ ಕುಡಿಯುವ ನೀರು, ಮಳೆ ನೀರು ಕೊಯ್ಲು, ನೀರಿನ ಮರುಬಳಕೆಗೆ. ಅದು ಯಾವ ವಾರ್ಡಿನಲ್ಲಿ ಯಾವ ಕೆಲಸಕ್ಕೆ ಹೋಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಮತ್ತೊಂದು. ಸಂವಿಧಾನದ 243ಎಸ್ ವಿಧಿ ಪ್ರಕಾರ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು. ಶಿವಮೊಗ್ಗ ಆ ಗೆರೆ ದಾಟಿ ಬಹಳ ವರ್ಷ ಆಯ್ತು. ಚುನಾಯಿತ ಸದಸ್ಯರು ಇರಲಿ, ಆಡಳಿತಾಧಿಕಾರಿ ಇರಲಿ, ವಾರ್ಡ್ ಸಮಿತಿ ಕೇಳೋದು ನಿಮ್ಮ ಹಕ್ಕು. ಚರಂಡಿ ಸಮೀಕ್ಷೆ ಮಾಡೋಕೆ ಅದಕ್ಕಿಂತ ಒಳ್ಳೇ ಜಾಗ ಬೇರೆ ಇಲ್ಲ.

ಬೆಳಗಿನ ಪಾಳಿ

ನಮ್ಮಮ್ಮ ಪೌರಕಾರ್ಮಿಕೆ. ಈ ಚರ್ಚೆಯನ್ನು ಅವರಿಗೆ ಓದಿ ಹೇಳಿದೆ. ಅವರು ಹೇಳಿದ್ದು ಎರಡು ಮಾತು.

ಚರಂಡಿ ಒಣಗಿದ್ರೆ ಹೂಳು ಎತ್ತೋದು ಸಲೀಸು, ಕೊಳಕು ನೀರಲ್ಲಿ ಕಾಲಿಡೋದು ತಪ್ಪುತ್ತೆ. ಬೂಟು, ಕೈಗವಸು ಕೊಡ್ತಾರೆ, ಆದ್ರೆ ಆ ನೀರೇ ಅಲ್ಲಿ ಬರಬಾರದು ಅಂತ ಯಾರೂ ಯಾಕೆ ಕೇಳಲ್ಲ ಅಂತ ಅವರಿಗೆ ಅನ್ನಿಸ್ತಿತ್ತಂತೆ. ಮೇಡಂ ಬರೀತಿದ್ದಾರೆ ಅಂದಾಗ ಬಹಳ ಖುಷಿಪಟ್ಟರು.

ಎರಡನೆಯದು, ಮನೆಗಳ ಪೈಪು ಜೋಡಿಸಿದ ಮೇಲೆ ಒಳಚರಂಡಿಗೆ ಬಟ್ಟೆ, ಪ್ಯಾಡು, ಡೈಪರ್ ಹಾಕಬೇಡಿ ಅಂತಾನೂ ಬಡಾವಣೆಯವರಿಗೆ ಹೇಳಿ. ಕಟ್ಟಿಕೊಂಡ್ರೆ ಯಾರನ್ನೋ ಇಳಿಸೋ ಮಾತು ಬರುತ್ತೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಧನ ಇಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸೋ ಹಾಗಿಲ್ಲ, ಯಂತ್ರ ತರಿಸಬೇಕು. ಯಂತ್ರ ಬರೋದು ತಡ ಆಗುತ್ತೆ, ಮನೆಯವರು ಅವಸರ ಮಾಡ್ತಾರೆ, ಆಗ ಯಾರಾದ್ರೂ ಬಡವ ಒಪ್ಪಿಕೊಳ್ತಾನೆ. ಪ್ಯಾಡು, ಡೈಪರ್ ಪೇಪರಲ್ಲಿ ಸುತ್ತಿ ಬೇರೆ ಕೊಡಿ. ಇದನ್ನು ಅಮ್ಮ ಒತ್ತಿ ಹೇಳಿದ್ದಾರೆ, ದಯವಿಟ್ಟು ಬಿಡಬೇಡಿ.

ಬಡಾವಣೆ ಟೀಚರ್

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮಾತನ್ನು ಮನವಿಯಲ್ಲಿ ಅಲ್ಲ, ಸಂಘದ ಸಭೆಯಲ್ಲೇ ಹೇಳ್ತೀನಿ. ಅದು ನಾವು ಮಾಡಬೇಕಾದ ಕೆಲಸ, ಪಾಲಿಕೆಯದಲ್ಲ.

ಕರಡಿನ ಮುಖ್ಯ ಭಾಗ ಹೀಗಿದೆ, ತಿದ್ದಿ:

"ನಮ್ಮ ಬಡಾವಣೆಯ ಪ್ರತಿ ಮನೆಯ ಬಚ್ಚಲು ಮತ್ತು ಶೌಚದ ನೀರು ಒಳಚರಂಡಿಗೆ, ತಾರಸಿ ನೀರು ಇಂಗುಗುಂಡಿಗೆ ಅಥವಾ ಮಳೆನೀರು ಚರಂಡಿಗೆ ಸೇರಿದೆಯೇ ಎಂದು ಪಾಲಿಕೆ ಹಾಗೂ ಸಂಘ ಜಂಟಿಯಾಗಿ ಸಮೀಕ್ಷೆ ನಡೆಸಬೇಕು. ಸಂಪರ್ಕ ಇಲ್ಲದ ಮನೆಗಳ ಪಟ್ಟಿ ಮಾಡಿ, ರಸ್ತೆ ಒಂದೇ ಸಲ ಅಗೆದು ಎಲ್ಲ ಸಂಪರ್ಕವನ್ನೂ ಒಟ್ಟಿಗೆ ಕೊಡಲು ಈ ಬಜೆಟ್‌ನಲ್ಲಿ ಹಣ ಇಡಬೇಕು. ಬಡ ಕುಟುಂಬಗಳ ಸಂಪರ್ಕ ಶುಲ್ಕವನ್ನು ಪಾಲಿಕೆಯೇ ಭರಿಸಬೇಕು. ಕೂಡ್ಲಿಯಲ್ಲಿ ಇದೇ ನೀರು ಬಳಸುವ ಜನರನ್ನು ಗಮನದಲ್ಲಿಟ್ಟು, ಮುಂದಿನ ವರ್ಷದ ಜೂನ್ ಒಳಗೆ ಮಳೆನೀರು ಚರಂಡಿಯ ಬೇಸಿಗೆ ಹರಿವು ನಿಂತಿದೆ ಎಂಬುದನ್ನು ಸ್ಥಳ ಪರಿಶೀಲಿಸಿ ದೃಢಪಡಿಸಬೇಕು."

ಒಳಚರಂಡಿ ನಿವೃತ್ತ

ಚೆನ್ನಾಗಿದೆ ಮೇಡಂ. ಬಡವರ ಶುಲ್ಕದ ಸಾಲು ನನಗೆ ಹೊಳೆದಿರಲಿಲ್ಲ, ಅದು ಇರಲೇಬೇಕು.

ಒಂದೇ ತಿದ್ದುಪಡಿ. ಜೂನ್ ತೆಗೆದು ಫೆಬ್ರವರಿ ಅಂತ ಹಾಕಿ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಚರಂಡಿಯಲ್ಲಿ ಹರೀತಿರೋದು ಯಾವ ನೀರು ಅಂತ ಯಾರೂ ಹೇಳೋಕಾಗಲ್ಲ, ಕೆಲಸ ಆಗದಿದ್ರೂ ಆಗಿದೆ ಅಂತ ಬರೆಯಬಹುದು. ಹಾಗೆಯೇ ರಸ್ತೆ ಅಗೆಯೋ ಕೆಲಸ ದೀಪಾವಳಿ ಆದ ಮೇಲೆ ಶುರು ಮಾಡಿ ಅಂತ ಸೇರಿಸಿ. ಅದಕ್ಕೆ ಮೊದಲು ಅಗೆದ್ರೆ ಗುಂಡಿಯಲ್ಲಿ ನೀರು ನಿಂತು ಕೊಳವೆ ಕೂರಿಸೋ ಮಟ್ಟ ತಪ್ಪುತ್ತೆ.