ಹೆಣ್ಣು ಜಿಂಕೆಯನ್ನು ಹೊಡೆಯುವುದಾದರೆ ಬೆದೆಗೆ ಮೊದಲೇ, ಗಬ್ಬ ಕಟ್ಟಿದ ಮೇಲೆಯೇ?

ಮುಳ್ಳೇರಿಯ ಅಡಿಕೆ ಕೃಷಿಕ (ಪ್ರಶ್ನೆ)

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಮಗ ಊರ ಹೊರಗೆ ಹತ್ತು ಎಕರೆ ಜಾಗ ಕೊಂಡು ಸೇಬಿನ ಸಸಿ ನೆಟ್ಟಿದ್ದಾನೆ. ಕಳೆದ ಆಗಸ್ಟಿನಲ್ಲಿ ಅಲ್ಲಿದ್ದಾಗ, ಬಿಳಿಬಾಲದ ಜಿಂಕೆಗಳು ಆ ಸಸಿಗಳಿಗೆ ಮಾಡಿದ ಹಾನಿಯನ್ನು ಕಣ್ಣಾರೆ ಕಂಡೆ. ಮೇಲ್ದವಡೆಯ ಮುಂದೆ ಹಲ್ಲಿಲ್ಲದ ಪ್ರಾಣಿಯಾದ್ದರಿಂದ ಚಿಗುರು ಕತ್ತರಿಸಿದಂತಿರದೆ, ಎಳೆದು ಹರಿದು ನಾರುನಾರಾಗಿ ಜೋತಿತ್ತು. ನಮ್ಮ ತೋಟಕ್ಕೆ ಹಂದಿ ನುಗ್ಗಿದ ಮರುದಿನ ಆಗುವ ಸಂಕಟವೇ ಅಲ್ಲಿಯೂ ಆಯಿತು.

ಪರವಾನಗಿಯುಳ್ಳ ಬೇಟೆಗಾರರಾದ ಪಕ್ಕದ ಮನೆಯವರು ಬರುವ ಅಕ್ಟೋಬರಿನಲ್ಲಿ ಆ ಜಾಗದಲ್ಲಿ ಒಂದೆರಡು ಹೆಣ್ಣು ಜಿಂಕೆ ಹೊಡೆಯಲು ಅನುಮತಿ ಕೇಳಿದ್ದಾರೆ. ಮಗ ನನ್ನ ಮಾತಿಗೆ ಕಾದಿದ್ದಾನೆ. ಮೈಮೇಲಿನ ಚುಕ್ಕೆ ಮಾಸುತ್ತಿದ್ದ ಎರಡು ಮರಿಗಳು ತಾಯಿಯ ಹಿಂದೆಯೇ ಬೇಲಿ ದಾಟಿದ್ದನ್ನು ನೋಡಿದ ನನಗೆ ‘ಆಗಲಿ’ ಎನ್ನಲು ಬಾಯಿ ಬರುತ್ತಿಲ್ಲ. ಕೆಡ್ಡಸದ ದಿನ ಬೇಟೆಗೆ ಹೊರಡುತ್ತಿದ್ದವರೂ ಮರಿಯಿರುವ ತಾಯಿಯನ್ನು ಬಿಟ್ಟುಬಿಡುತ್ತಿದ್ದರೆಂದು ನನ್ನ ಅಜ್ಜ ಹೇಳುತ್ತಿದ್ದರು. ಗಂಡನ್ನು ಬಿಟ್ಟು ಹೆಣ್ಣನ್ನೇ ಏಕೆ ಹೊಡೆಯಬೇಕು, ಹೊಡೆಯಲೇಬೇಕಾದರೆ ಯಾವಾಗ ಎಂಬುದನ್ನು ಬಲ್ಲವರು ತಿಳಿಸಬೇಕು.

ಬದಿಯಡ್ಕದಿಂದ (ಹನ್ನೊಂದು ವರ್ಷ ಅದೇ ರಾಜ್ಯದಲ್ಲಿದ್ದವನು)

ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ, ಗಂಡುಗಳನ್ನು ಎಷ್ಟು ಹೊಡೆದರೂ ಮುಂದಿನ ವರ್ಷದ ಮರಿಗಳ ಲೆಕ್ಕ ಹೆಚ್ಚೇನೂ ತಗ್ಗುವುದಿಲ್ಲ. ತೋಳ ಮತ್ತು ಪ್ಯೂಮಾಗಳನ್ನು ಅಲ್ಲಿ ಎಂದೋ ನಿರ್ಮೂಲ ಮಾಡಿದ್ದಾರೆ. ಹೆಣ್ಣನ್ನು ಹೊಡೆಯಬಾರದೆಂಬ ಭಾವನೆ ಬೇಟೆಗಾರರಲ್ಲೇ ಬೇರೂರಿ, ಜಿಂಕೆಗಳು ಹೆಚ್ಚಿ, ಕಾಡಿನ ಎಳೆಯ ಗಿಡಗಳು ಮೇಲೇಳದಂತಾದವು. 2000ದ ಆಸುಪಾಸಿನಲ್ಲಿ ಗ್ಯಾರಿ ಆಲ್ಟ್ ಎಂಬ ಸರ್ಕಾರಿ ಜೀವವಿಜ್ಞಾನಿ ಊರೂರು ತಿರುಗಿ, ಹೆಣ್ಣನ್ನು ತಗ್ಗಿಸದೆ ಕಾಡು ಉಳಿಯದೆಂದು ಬೇಟೆಗಾರರ ಮನವೊಲಿಸಬೇಕಾಯಿತು.

ಇನ್ನು ಕಾಲದ ವಿಷಯ. ಬೆದೆಗೆ ಕಾರಣ ಚಳಿಯೆಂದು ಹಲವರು ತಿಳಿದಿದ್ದಾರೆ. ನಿಜವಾದ ಕಾರಣ ಹಗಲು ಕಿರಿದಾಗುತ್ತ ಬರುವುದು. ಆದ್ದರಿಂದಲೇ ಪೆನ್ಸಿಲ್ವೇನಿಯಾದಲ್ಲಿ ಸೆಖೆಯ ವರ್ಷವಾಗಲಿ, ಹಿಮದ ವರ್ಷವಾಗಲಿ, ಬೆದೆಯ ಉಚ್ಛ್ರಾಯ ನವೆಂಬರ್ ಮಧ್ಯದಲ್ಲೇ ಬರುತ್ತದೆ. ಗರ್ಭದ ಅವಧಿ ಸುಮಾರು 200 ದಿನ. ಹಾಗಾಗಿ ನಮ್ಮಲ್ಲಿ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಮರಿಗಳು ಹುಟ್ಟುತ್ತವೆ. ಬಲಿತ ತಾಯಿಗೆ ಸಾಮಾನ್ಯವಾಗಿ ಅವಳಿ. ಮೂರು ತಿಂಗಳೊಳಗೆ ಮರಿ ಹಾಲಿನ ಹಂಗು ಬಿಟ್ಟು ಸೊಪ್ಪಿನಲ್ಲೇ ಬದುಕಬಲ್ಲುದು. ತಾವು ಆಗಸ್ಟಿನಲ್ಲಿ ಕಂಡಂಥ ಮರಿಗಳಿಗೆ ಅಕ್ಟೋಬರಿನ ಹೊತ್ತಿಗೆ ನಾಲ್ಕು ತಿಂಗಳು ದಾಟಿರುತ್ತದೆ. ಆಗ ತಾಯಿ ಇಲ್ಲವಾದರೂ ಅವು ಹಸಿವಿನಿಂದ ಸಾಯುವುದಿಲ್ಲ.

ಬಂದೂಕಿನ ಮುಖ್ಯ ಋತು ಅಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರ ಬರುತ್ತದೆ. ಆಗ ಬಲಿತ ಹೆಣ್ಣುಗಳಲ್ಲಿ ಹೆಚ್ಚಿನವು ಗಬ್ಬವಾಗಿರುತ್ತವೆ, ಪಿಂಡ ಮಾತ್ರ ಕಂಡೂ ಕಾಣದಷ್ಟು ಎಳೆಯದು. ಸಂಖ್ಯೆಯ ದೃಷ್ಟಿಯಿಂದ ಅಕ್ಟೋಬರಿಗೂ ಡಿಸೆಂಬರಿಗೂ ವ್ಯತ್ಯಾಸವಿಲ್ಲ. ಯಾವಾಗ ಹೊಡೆದರೂ ಬರುವ ಜೂನಿನ ಮರಿಗಳು ಇಲ್ಲವಾಗುತ್ತವೆ. ಆದರೆ ಬೇಗ ಹೊಡೆದರೆ ಚಳಿಗಾಲಕ್ಕೆ ಬೇಕಾದ ಮೇವು ಉಳಿದ ಜಿಂಕೆಗಳಿಗೆ ದಕ್ಕುತ್ತದೆ. ಮರಿ ಹಾಲು ಬಿಟ್ಟಿರುವ, ಹೊಸ ಗರ್ಭ ಇನ್ನೂ ಕಟ್ಟದಿರುವ ಆ ಆರೇಳು ವಾರಗಳೇ ತಮ್ಮ ಮನಸ್ಸಿಗೂ ಒಪ್ಪುವ ಕಾಲವೆಂದು ನನ್ನ ಅಭಿಪ್ರಾಯ.

ಹೊಸೂರಿನ ಪಶುವೈದ್ಯ

ಹಿಂದಿನ ಉತ್ತರವನ್ನು ಒಪ್ಪುತ್ತೇನೆ, ಎರಡು ಮಾತು ಸೇರಿಸುತ್ತೇನೆ. ಬೆದೆಗೆ ಬಂದ ಹಸು ಗಬ್ಬ ಕಟ್ಟದಿದ್ದರೆ 21 ದಿನಕ್ಕೆ ಮತ್ತೆ ಬೆದೆಗೆ ಬರುವಂತೆ, ಈ ಜಿಂಕೆ ಸುಮಾರು 28 ದಿನಕ್ಕೆ ಬರುತ್ತದೆ. ಹೆಣ್ಣುಗಳು ವಿಪರೀತ ಹೆಚ್ಚಿ ಬಲಿತ ಗಂಡುಗಳು ತೀರಾ ಕಡಿಮೆಯಾದಲ್ಲಿ, ಕೆಲವು ಹೆಣ್ಣುಗಳು ಡಿಸೆಂಬರ್ ಮಧ್ಯದಲ್ಲಿ ಗಬ್ಬ ಕಟ್ಟಿ ಜುಲೈಯಲ್ಲಿ ಮರಿ ಹಾಕುತ್ತವೆ. ಆ ತಡದ ಮರಿ ಮೈ ತುಂಬಿಕೊಳ್ಳುವ ಮೊದಲೇ ಹಿಮಕ್ಕೆ ಸಿಕ್ಕುತ್ತದೆ. ಬೆದೆಗೆ ಮೊದಲೇ ಹೆಣ್ಣುಗಳನ್ನು ತಗ್ಗಿಸುವುದಕ್ಕೆ ಇದೂ ಒಂದು ಕಾರಣ. ಈ ತಿಂಗಳುಗಳು ಊಹೆಯಲ್ಲ: ಚಳಿಗಾಲದ ಕೊನೆಯಲ್ಲಿ ರಸ್ತೆಯಲ್ಲಿ ವಾಹನ ಬಡಿದು ಸತ್ತ ಹೆಣ್ಣುಗಳ ಭ್ರೂಣದ ಉದ್ದವನ್ನು ಅಳತೆಪಟ್ಟಿಯಲ್ಲಿ ಅಳೆದು, ದಿನಗಳನ್ನು ಹಿಂದಕ್ಕೆ ಎಣಿಸಿ, ಗರ್ಭ ಕಟ್ಟಿದ ದಿನಾಂಕವನ್ನು ಕಂಡುಹಿಡಿಯುತ್ತಾರೆ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಆರು ತಿಂಗಳ ಗಂಡುಮರಿಯ ನೆತ್ತಿಯಲ್ಲಿ ಕೊಂಬಿನ ಬದಲು ರೋಮ ಮುಚ್ಚಿದ ಎರಡು ಗುಬಟುಗಳಷ್ಟೇ ಇರುವುದರಿಂದ, ದೂರದಿಂದ ನೋಡಿದವರು ಅದನ್ನು ಹೆಣ್ಣೆಂದೇ ಹೊಡೆಯುತ್ತಾರೆ. ಮರಿಯ ಮುಖ ಮೊಂಡು, ಮೈ ಚೌಕ. ತಾಯಿಯ ಮೂತಿ ನೀಳ, ಮೈ ಉದ್ದ. ಅಕ್ಟೋಬರಿನಲ್ಲಿ ಎರಡೂ ಅಕ್ಕಪಕ್ಕ ನಿಂತಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಡಿಸೆಂಬರಿಗೆ ಮಸುಕಾಗುತ್ತದೆ. ಒಂಟಿಯಾಗಿ ಬಂದ ಕೊಂಬಿಲ್ಲದ ಜಿಂಕೆಗೆ ಗುರಿಯಿಡಬಾರದೆಂದು ಆ ಬೇಟೆಗಾರರಿಗೆ ಹೇಳಿಸಿರಿ.

ತಾಳವಾಡಿಯಿಂದ

ಇದನ್ನು ಓದಿದ ನಮ್ಮವರು ಯಾರೂ ಆ ಲೆಕ್ಕವನ್ನು ಇಲ್ಲಿಗೆ ತರಬಾರದು. ಹಾಸನೂರಿನ ಕಡೆ ರಸ್ತೆಯಂಚಿನಲ್ಲಿ ಮೇಯುವ ಒಂದೇ ಹಿಂಡಿನ ಚುಕ್ಕೆಜಿಂಕೆಗಳಲ್ಲಿ ಒಂದು ಗಂಡಿಗೆ ಬಲಿತ ಕೊಂಬು, ಇನ್ನೊಂದಕ್ಕೆ ಮೃದುರೋಮದ ಕೊಂಬು, ಮತ್ತೊಂದಕ್ಕೆ ಕೊಂಬು ಉದುರಿದ ಬೋಳು ನೆತ್ತಿ ಇರುವುದನ್ನು ನೋಡುತ್ತಲೇ ಇರುತ್ತೇನೆ. ಹಗಲು ರಾತ್ರಿಗಳ ಉದ್ದ ಹೆಚ್ಚು ಬದಲಾಗದ ನಮ್ಮ ನಾಡಿನಲ್ಲಿ ಅವುಗಳಿಗೆ ಒಂದೇ ನಿಶ್ಚಿತ ಬೆದೆಗಾಲವಿಲ್ಲ. ಮರಿ ವರ್ಷದ ಯಾವ ತಿಂಗಳಲ್ಲೂ ಹುಟ್ಟಬಹುದು. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆಬೇಟೆ ಅಪರಾಧ. ಬೆಳೆ ಹಾಳುಮಾಡುವ ಕಾಡುಹಂದಿಯ ವಿಷಯದಲ್ಲಿ ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅಧಿಕಾರ ಜಿಂಕೆಗೆ ಅನ್ವಯಿಸುವುದಿಲ್ಲ.

ಮುಳ್ಳೇರಿಯ ಅಡಿಕೆ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿ ಮಗನೊಡನೆ ಮಾತಾಡಿದೆ. ಅಕ್ಟೋಬರಿನಲ್ಲೇ ಆಗಲಿ, ನವೆಂಬರ್ ಹುಟ್ಟಿದ ಮೇಲೆ ಬೇಡ, ಮರಿ ಪಕ್ಕದಲ್ಲಿ ನಿಂತು ಅಂತರ ಸ್ಪಷ್ಟವಾಗಿ ಕಂಡ ಮೇಲಷ್ಟೇ ಗುರಿಯಿಡಲಿ ಎಂದು ಹೇಳಿದ್ದೇನೆ. ಹಾಗೆ ಕಾಯುವುದಕ್ಕೆ ನೆರೆಯವರು ಒಪ್ಪಿದ್ದಾರೆ. ಉಳಿದ ಸಸಿಗಳ ಸುತ್ತ ಎಂಟಡಿ ಎತ್ತರದ ಬಲೆ ಬೇಲಿಯನ್ನು ಮಗ ಈ ಬೇಸಿಗೆಯಲ್ಲೇ ಹಾಕಿಸುತ್ತಾನೆ.